ಮಾವನ ಕೈಗುಣದ ವಿಚಾರಣೆ

ನನ್ನ ಸೋದರಮಾವ ಒಂದಷ್ಟು ಕಾಲ ತನ್ನ ಬಲಗೈಯನ್ನು ಪಕ್ಕದ ಮನೆಯಿಂದ ತಂದ ಪಾತ್ರೆಯ ಹಾಗೆ ನೋಡುತ್ತಿದ್ದ. ಊಟಕ್ಕೆ ಕೂತವನು ಅಂಗೈ ತಿರುಗಿಸಿ ನೋಡುವುದು, ಮುದ್ದೆ ಮುರಿಯುವ ಮೊದಲು ಒಮ್ಮೆ ಉಸ್ಸೆನ್ನುವುದು. ಅತ್ತೆ ಸಾರಿನ ಸೌಟು ಹಿಡಿದು ನಿಂತಿರುತ್ತಿದ್ದಳು.

"ಸಾರು ಆರೋಗ್ತೈತೆ. ಕೈಯ ಆಮೇಲ್ ನೋಡ್ಕಳಿ, ಅದೆಲ್ಲೂ ಓಗಕಿಲ್ಲ."

ನಮ್ಮ ಕಡೆ ಯುಗಾದಿಯ ದಿನ ಪಂಚಾಂಗ ಕೇಳಿ ಆದ ಮೇಲೆ ವರ್ಷದ ಮೊದಲ ಉಳುಮೆ ಮಾಡುತ್ತಾರೆ. ಅದಕ್ಕೆ ಹೊನ್ನಾರು ಎನ್ನುತ್ತೇವೆ. ಊರಿನ ಎಲ್ಲರೂ ಹಿಂದೆ ಹಿಂದೆ ಬಂದರೂ ಮೊದಲು ಮೇಣಿ ಹಿಡಿಯುವವನು ಒಬ್ಬನೇ. ಮೇಣಿ ಎಂದರೆ ನೇಗಿಲಿನ ಹಿಡಿ. ಆ ವರ್ಷಕ್ಕೆ ಯಾರ ಹೆಸರಿನ ನಕ್ಷತ್ರ ಹೊಂದುತ್ತದೆ ಎಂದು ಅರ್ಚಕರು ನೋಡಿ ಹೇಳುತ್ತಾರೆ. ಅವನ ಕೈಗುಣ ಹೇಗೋ ಊರಿನ ಮಳೆ ಹಾಗೆ ಎಂಬುದು ನಂಬಿಕೆ.

ಹೊಳೆನರಸೀಪುರದಿಂದ ಹಾಸನಕ್ಕೆ ಬರುವ ರಸ್ತೆಯಿಂದ ಸ್ವಲ್ಪ ಒಳಗಿರುವ ಆ ಊರಿನಲ್ಲಿ ಹತ್ತೋ ಹನ್ನೊಂದೋ ವರ್ಷ ಆ ಕೈ ಮಾವನದೇ ಆಗಿತ್ತು. ಪಂಚಾಂಗ ಪ್ರತಿ ವರ್ಷ ಬದಲಾಗುತ್ತಿತ್ತು, ಆಯ್ಕೆ ಬದಲಾಗುತ್ತಿರಲಿಲ್ಲ. ಇದರಲ್ಲಿ ಪವಾಡವೇನಿಲ್ಲ. ಮಾವನಿಗೆ ಮೂರು ಹೆಸರು. ಮನೆದೇವರ ಹೆಸರು ಒಂದು, ಶಾಲೆಯ ದಾಖಲೆಯಲ್ಲಿ ಮೇಷ್ಟ್ರು ಬರೆದುಕೊಂಡದ್ದು ಇನ್ನೊಂದು, ಅಜ್ಜಿ ತೊಟ್ಟಿಲಲ್ಲಿ ಕೂಗಿ ಕೂಗಿ ಅಂಟಿಸಿದ್ದು ಮತ್ತೊಂದು. ಅರ್ಚಕರು ಮೂರರಲ್ಲಿ ಯಾವುದಾದರೊಂದನ್ನು ಆ ವರ್ಷದ ನಕ್ಷತ್ರಕ್ಕೆ ಕೂಡಿಸಿಬಿಡುತ್ತಿದ್ದರು. ಮಳೆ ಚೆನ್ನಾಗಿ ಬರುತ್ತಿತ್ತು, ಯಾರಿಗೂ ತಕರಾರಿರಲಿಲ್ಲ. ಆ ವರ್ಷಗಳಲ್ಲಿ ಮಾವ ಊರೊಳಗೆ ನಡೆಯುವಾಗ ಬಲಗೈಯನ್ನು ಸ್ವಲ್ಪ ಮುಂದೆ ಬಿಟ್ಟುಕೊಂಡು ನಡೆಯುತ್ತಿದ್ದ ಎಂದು ನನ್ನ ತಂಗಿ ಹೇಳುತ್ತಾಳೆ. ಅವಳು ಇದನ್ನು ಈಗ ಕಟ್ಟಿಕೊಂಡಿದ್ದಾಳೆ ಎಂದು ನನ್ನ ಗುಮಾನಿ. ಆದರೂ ಬಿಡಲು ಮನಸ್ಸಿಲ್ಲ.

ಆಮೇಲೆ ಎರಡು ವರ್ಷ ಮಳೆ ಕೆಟ್ಟಿತು. ಮೊದಲನೆಯ ವರ್ಷ ಆರಿದ್ರ ಮಳೆ ಬರಲೇ ಇಲ್ಲ. ಮೋಡವೇನೋ ಬಂತು. ಮದುವೆಗೆ ಬಂದು ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಬಸ್ಸು ಹತ್ತುವ ನೆಂಟರ ಹಾಗೆ ಹೋಗಿಬಿಟ್ಟಿತು. ಎರಡನೆಯ ವರ್ಷ ಬೇಕಾದಾಗಲೆಲ್ಲ ಸುಮ್ಮನಿದ್ದು, ಕುಯ್ದ ರಾಗಿ ಹೊಲದಲ್ಲಿ ಬಿದ್ದಿದ್ದಾಗ ಐದಾರು ದಿನ ಬಿಡದೆ ಸುರಿಯಿತು. ತೆನೆಯಲ್ಲೇ ಮೊಳಕೆ ಒಡೆಯಿತು. ಇದು ನನ್ನ ನೆನಪು. ಅತ್ತೆಯ ಪ್ರಕಾರ ಮೊಳಕೆಯ ವರ್ಷ ಮೊದಲು, ಆರಿದ್ರ ಕೈಕೊಟ್ಟ ವರ್ಷ ಆಮೇಲೆ. ನಾವಿಬ್ಬರೂ ಇದಕ್ಕೆ ಜಗಳವಾಡಿ ಬಿಟ್ಟಿದ್ದೇವೆ. ಮಳೆಯೇ ಸರದಿ ತಪ್ಪಿ ಬರುವಾಗ ನೆನಪು ಮಾತ್ರ ಸರದಿಯಲ್ಲಿ ನಿಂತಿರಲಿ ಎಂದರೆ ಹೇಗೆ?

ಮಾತು ಶುರುವಾದದ್ದು ಹಾಲಿನ ಡೈರಿಯ ಮುಂದೆ. ಬೆಳಗ್ಗೆ ಆರಕ್ಕೆ ಕ್ಯಾನು ಹಿಡಿದು ನಿಂತ ಸಾಲಿನಲ್ಲಿ ಮಾವನ ದೊಡ್ಡಪ್ಪನ ಮಗ ಇದ್ದ. ಇಬ್ಬರಿಗೂ ಒಂದೇ ವಯಸ್ಸು, ಚಿಕ್ಕಂದಿನಿಂದ ಒಂದೇ ಜಗಳ.

"ಈ ಸಲ ನೀನ್ ಕೈಯ ಜೇಬಲ್ಲೇ ಇಟ್ಕಳ್ಲಾ," ಅಂದನಂತೆ ಆತ. "ಆರಿದ್ರ ಬಂದೋಗೋಗಂಟ ಈಚಿಗ್ ತೆಗೀಬ್ಯಾಡ."

"ನನ್ ಕೈಗೇನಾಗೈತ್ಲಾ?"

"ಕೆಟ್ಟೈತೆ ಕಣ್ಲಾ. ಬ್ಯಾಟ್ರಿ ಓಗೈತೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಾವನೂ ನಕ್ಕ. ಮನೆಗೆ ಬಂದು ಮಾತ್ರ ಅಂಗೈ ನೋಡಿಕೊಳ್ಳಲು ಶುರು ಮಾಡಿದ. ಅವನಿಗೆ ಊರವರ ಮಾತಿಗಿಂತ ತನ್ನದೇ ಸಂಶಯ ಹೆಚ್ಚು ಕಾಡುತ್ತಿತ್ತು. ಬರುವ ಯುಗಾದಿಗೆ ಮೇಣಿ ಮುಟ್ಟಬಹುದೇ, ಬಾರದೇ? ಇದೊಂದೇ ಪ್ರಶ್ನೆ ಹಿಡಿದುಕೊಂಡು ಒಂದು ಭಾನುವಾರ ಹಾಸನದ ನಮ್ಮ ಮನೆಗೆ ಬಂದ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಸೊಸೆ ಇರುವುದು ಇಂಥ ಹೊತ್ತಿಗೇ ಎಂದು ಅವನು ಅಂದುಕೊಂಡಿರಬೇಕು.

ನಾನು ಕಾಫಿ ಕೊಟ್ಟು ಪಾಠ ಶುರು ಮಾಡಿದೆ. ಹೊಗೆ ಹೆಚ್ಚಾಗಿ ಗಾಳಿ ಬಿಸಿಯಾಗಿದೆ, ಸಮುದ್ರ ಬಿಸಿಯಾಗಿದೆ, ಮೋಡ ಕಟ್ಟುವ ಕ್ರಮ ಕೆಟ್ಟಿದೆ ಎಂದೆಲ್ಲ ಹೇಳಿದೆ. ಮಾವ ಕಾಫಿಯನ್ನು ತಟ್ಟೆಗೆ ಬಗ್ಗಿಸಿಕೊಂಡು ಕೇಳಿದ.

"ಸಮುದ್ರ ಎಲ್ಲೈತಮ್ಮಿ, ನಾವೆಲ್ಲಿದೀವಿ? ನಾನು ಸಮುದ್ರ ನೋಡಿರೋದೇ ಒಂದ್ ಸಲ. ಅದೂ ಧರ್ಮಸ್ಥಳಕ್ ಓದಾಗ ಅಂಗೇ ಮುಂದಕ್ ಓಗಿ. ಅದ್ಯಾಕೆ ನಮ್ಮೂರ್ ಮ್ಯಾಲೆ ಸಿಟ್ಟಾಗ್ತದೆ?"

"ನಿಮ್ಮೂರಿನ ಮೇಲೆ ಮಾತ್ರ ಅಲ್ಲ ಮಾವ, ಎಲ್ಲ ಕಡೆ."

"ಎಲ್ಲಾ ಕಡೆ ಅಂತ ನಿಂಗೆಂಗ್ ಗೊತ್ತು? ನೋಡ್ಕಬಂದ್ಯಾ?"

ಆಗ ನಾನು ಮಾಡಿದ್ದೇ ತಪ್ಪು. ಬೇರೆ ಊರುಗಳಲ್ಲಿ ಹೊನ್ನಾರು ಹಿಡಿದವರನ್ನು ಹುಡುಕಿ ಕೇಳೋಣ ಎಂದೆ. ಅವರ ಮಳೆಯೂ ಕೆಟ್ಟಿದ್ದರೆ ತಪ್ಪು ನಿನ್ನ ಕೈಯದಲ್ಲ ಎಂದು ಸಾಬೀತಾಗುತ್ತದೆ. ಮಾವನ ಮುಖ ಅರಳಿತು. ಕೋರ್ಟಿನಲ್ಲಿ ಸಾಕ್ಷಿ ಹೇಳಿಸುವ ಹಾಗೆ ಎಂದ. ಆರೋಪಿಯೇ ಊರೂರು ತಿರುಗಿ ಸಾಕ್ಷಿ ಹುಡುಕುವ ಈ ವಿಚಾರಣೆಗೆ ನಾನು ವಕೀಲೆ, ಡ್ರೈವರು ಎರಡೂ.

ನನ್ನ ಸ್ಕೂಟರಿನಲ್ಲಿ ಹೋದೆವು. ಅತ್ತೆ ಮಾತ್ರ ಇವತ್ತಿಗೂ ಬಸ್ಸಿನಲ್ಲಿ ಹೋದಿರಿ ಅನ್ನುತ್ತಾಳೆ. ಬಸ್ಸಿನಲ್ಲಿ ಹೋಗಿದ್ದರೆ, ಹೆಂಗಸಿನ ಹಿಂದೆ ಕೂತ ಮಾವನನ್ನು ನೋಡಿ ಪೆಟ್ರೋಲ್ ಬಂಕಿನವನು "ಏನ್ ಗೌಡ್ರೆ, ಡ್ರೈವರ್ ಬದಲಾದ್ರಾ?" ಅಂದದ್ದು ಎಲ್ಲಿ ನಡೆದಿರಬೇಕು? ಆ ಮಾತು ನನ್ನ ಕಿವಿಯಲ್ಲಿದೆ. ಹಾಗಾಗಿ ಸ್ಕೂಟರನ್ನೇ ಇಟ್ಟುಕೊಳ್ಳುತ್ತೇನೆ.

ಮೊದಲು ಮೊಸಳೆ ಎಂಬ ಊರಿನ ಕಡೆ ಹೋದೆವು. ಅಲ್ಲಿ ಒಬ್ಬ ರೈತ ತೆಂಗಿನ ಗರಿ ಸೀಳುತ್ತಾ ಕೂತಿದ್ದ. ಅವನ ಊರಿನಲ್ಲಿ ಉಳುವ ಎತ್ತು ಒಂದು ಜೊತೆಯೂ ಉಳಿದಿರಲಿಲ್ಲ. ಹಾಗಾಗಿ ಟ್ರ್ಯಾಕ್ಟರಿಗೆ ಅರಿಶಿನ ಕುಂಕುಮ ಹಚ್ಚಿ, ಸ್ಟೇರಿಂಗಿಗೆ ಹೂ ಸುತ್ತಿ ಹೊನ್ನಾರು ಮಾಡಿದ್ದ. ಅವನೂ ಮಳೆ ಕೆಡಿಸಿದವನೇ. ಒಪ್ಪಿಕೊಳ್ಳುವುದಕ್ಕೆ ಕಾಯುತ್ತಿದ್ದವನ ಹಾಗೆ ಹೇಳಿಬಿಟ್ಟ.

"ನಂದೇ ತಪ್ಪು ಕಣಣ್ಣ. ಎತ್ತಾದ್ರೆ ಸಗಣಿ ಆಕ್ತದೆ, ಗಂಜ್ಲ ಉಯ್ತದೆ, ಭೂಮ್ತಾಯಿಗೆ ಇಷ್ಟ. ನಾನು ವರ್ಷದ್ ಮೊದಲ್ನೇ ದಿನಾನೇ ಅವಳ್ ಮೂಗಿಗೆ ಡೀಸೆಲ್ ಹೊಗೆ ಬುಟ್ಟೆ. ಯಾರಾದ್ರೂ ಸುಮ್ನಿರ್ತಾರಾ?"

ಹತ್ತನೇ ತರಗತಿಯಲ್ಲಿ ನಾನು ಒಂದು ವಾರ ಹೇಳುವುದನ್ನು ಅವನು ಒಂದು ಗರಿ ಸೀಳುವುದರಲ್ಲಿ ಹೇಳಿದ್ದ. ಅರ್ಧ ಸರಿಯಾಗಿತ್ತು. ಯಾವ ಅರ್ಧ ಎಂದು ನಿರ್ಧರಿಸುವುದರೊಳಗೆ ಮಾವ ಎದ್ದು ನಿಂತಿದ್ದ.

"ಒಬ್ಬ ಸಿಕ್ದ," ಅಂದ ಸ್ಕೂಟರು ಹತ್ತುತ್ತಾ. ಬೆನ್ನ ಹಿಂದೆ ಅವನು ಹಗುರಾಗುತ್ತಿರುವುದು ಗೊತ್ತಾಗುತ್ತಿತ್ತು.

ಶಾಂತಿಗ್ರಾಮದ ಹತ್ತಿರದವನು ಇನ್ನೂ ಮೂವತ್ತು ದಾಟಿರಲಿಲ್ಲ. ಅವನ ತಪ್ಪು ಬೇರೆ. ಅವನ ಹೆಂಡತಿ ಹೊನ್ನಾರನ್ನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳಂತೆ. ಮೊದಲನೆಯ ಸಲ ಎತ್ತು ಬಾಲ ಎತ್ತಿತು, ಎರಡನೆಯ ಸಲ ಇವನು ಕ್ಯಾಮೆರಾ ನೋಡಿದ. ಸರಿ ಬರಲಿ ಎಂದು ಮೂರು ಸಲ ಹೂಡಿಸಿದಳು.

"ಮೂರ್ ಸಲ ಹೊನ್ನಾರು ಮಾಡಿದ್ರೆ ಮಳೆಗೆ ಕನ್‌ಫ್ಯೂಸ್ ಆಗಲ್ವಾ ಸಾ?" ಅಂತ ಮಾವನನ್ನೇ ಕೇಳಿದ. "ಯಾವ್ದು ಅಸ್ಲಿ ಅಂತ ಅದಕ್ಕೆಂಗ್ ಗೊತ್ತಾಗ್ಬೇಕು? ಅದಕ್ಕೇ ಹಿಂದ್ಲುದ್ ಮುಂದೆ, ಮುಂದ್ಲುದ್ ಹಿಂದೆ ಬತ್ತೈತೆ."

ಒಳಗಿನಿಂದ ಹೆಂಡತಿಯ ದನಿ ಬಂತು. "ನಿಮ್ ಮುಖ ಸರಿಯಾಗ್ ಬಂದಿದ್ರೆ ಒಂದ್ ಸಲಕ್ಕೇ ಮುಗೀತಿತ್ತು!"

ವಿಡಿಯೋ ತೋರಿಸು ಎಂದು ಮಾವ ಕೇಳಿದ. ಮೂರನ್ನೂ ನೋಡಿ, ಎರಡನೆಯದು ಚೆನ್ನಾಗಿದೆ ಎಂದು ತೀರ್ಪು ಕೊಟ್ಟ. ಹೊನ್ನಾರು ಹಿಡಿಯುವಾಗ ಹೆಬ್ಬೆರಳು ಎಲ್ಲಿರಬೇಕು ಎಂಬುದನ್ನೂ ಆ ಹುಡುಗನಿಗೆ ಸೌದೆ ಸೀಳು ಹಿಡಿಸಿ ಹೇಳಿಕೊಟ್ಟ. ತನ್ನ ಕೈ ಕೆಟ್ಟಿದೆಯೆಂದು ಹೊರಟವನು ಆ ಅರ್ಧ ಗಂಟೆ ಅದನ್ನು ಮರೆತಿದ್ದ.

ಅಲ್ಲಿಂದ ಚನ್ನರಾಯಪಟ್ಟಣ. ಮಾವ ಬಹಳ ವರ್ಷಗಳಿಂದ ಬಿತ್ತನೆ ಬೀಜ ತರುವ ಅಂಗಡಿಯ ಯಜಮಾನರು ಜೈನರು, ವಯಸ್ಸಾದವರು. ಅವರು ಹೊನ್ನಾರಿನವರಲ್ಲ. ಆದರೂ ತಿಳಿದವರ ಮಾತೂ ಒಂದು ಇರಲಿ ಎಂದು ಮಾವನಿಗೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದನ್ನು ನಾನು ಇಲ್ಲಿ ಸ್ವಲ್ಪ ಚೆನ್ನಾಗಿ ಜೋಡಿಸಿ ಬರೆಯುತ್ತಿದ್ದೇನೆ. ಅವರು ಹೇಳುವಾಗ ಮಧ್ಯೆ ಇಬ್ಬರು ಗಿರಾಕಿಗಳು ಜೋಳದ ಬೀಜ ಕೇಳಿಕೊಂಡು ಬಂದಿದ್ದರು.

"ನಮ್ಮಲ್ಲಿ ಕಾಲ ಇಳೀತಾ ಹೋಗುತ್ತೆ ಅಂತಾರೆ. ಇದು ಐದನೇ ಕಾಲ. ಮನುಷ್ಯರ ಎತ್ತರ, ಆಯಸ್ಸು, ಭೂಮಿಯ ಸಾರ, ಮಳೆ, ಎಲ್ಲ ಕಮ್ಮಿ ಆಗ್ತಾ ಬರುತ್ತೆ. ಆರನೇದು ಇದಕ್ಕಿಂತ ಕಷ್ಟ."

"ಆರ್ನೇದಕ್ಕೆ ಇನ್ನೆಷ್ಟ್ ವರ್ಷ ಐತೆ ಸ್ವಾಮಿ?"

"ಸಾವಿರಾರು ವರ್ಷ."

"ಅಂಗಾರೆ ಈ ಮುಂಗಾರಿಗೇನ್ ತೊಂದ್ರೆ ಇಲ್ಲ ಬುಡಿ," ಅಂದ ಮಾವ.

ಯಜಮಾನರು ನಕ್ಕರು. "ಸುಮ್ನೆ ಚಿಂತೆ ಮಾಡ್ಬೇಡಿ. ಅಷ್ಟು ದೊಡ್ಡ ಚಕ್ರ ನಿಮ್ಮೊಬ್ಬರ ಕೈಯಿಂದ ತಿರುಗೋದೂ ಇಲ್ಲ, ನಿಲ್ಲೋದೂ ಇಲ್ಲ."

ಸಮಾಧಾನಕ್ಕೆ ಹೇಳಿದ ಮಾತು. ಮಾವ ಕೈಮುಗಿದು ಹೊರಗೆ ಬಂದ. ಆದರೆ ಹಾಸನ ಬರುವವರೆಗೂ ಮಾತಾಡಲಿಲ್ಲ. ದಣಿದಿದ್ದಾನೆ ಎಂದು ನಾನು ಅಂದುಕೊಂಡೆ.

ಮುಂದಿನ ವಾರ ಅರಕಲಗೂಡು. ಅಲ್ಲಿಯವನು ಆಲೂಗೆಡ್ಡೆ ಹಾಕಿದ್ದ. ಅವನ ಕಷ್ಟ ಮಾವನದಕ್ಕೆ ತದ್ವಿರುದ್ಧ. ಸಿಕ್ಕಾಪಟ್ಟೆ ಮಳೆ ಬಂದು ಗೆಡ್ಡೆ ನೆಲದಲ್ಲೇ ಕೊಳೆತಿತ್ತು. ಅವನಿಗೆ ಕಾರಣ ಸ್ಪಷ್ಟವಾಗಿ ಗೊತ್ತಿತ್ತು. ಹೊನ್ನಾರಿನ ದಿನ ನೇಗಿಲಿಗೆ ಒಂದು ಚೊಂಬು ನೀರು ಹಾಕುವುದು ಅವರೂರಿನ ಪದ್ಧತಿ.

"ನಾನು ಉಮೇದಲ್ಲಿ ಕೊಡ ಪೂರ್ತಿ ಸುರ್ದ್ಬುಟ್ಟೆ. ನಮ್ಮವ್ವ ಬ್ಯಾಡ ಕಣ್ಲಾ, ಸಾಕು ಕಣ್ಲಾ ಅಂತ್ಲೇ ಇತ್ತು. ಕೇಳ್ನಿಲ್ಲ."

ಮಾವನೂ ಅವನೂ ಜಗುಲಿಯ ಮೇಲೆ ಅಕ್ಕಪಕ್ಕ ಕೂತು ಅಂಗೈಗಳನ್ನು ಬಿಸಿಲಿಗೆ ಚಾಚಿ ಹೋಲಿಸಿ ನೋಡಿದರು. ಒಂದು ಮಳೆ ಓಡಿಸಿದ ಕೈ, ಒಂದು ಮಳೆಯನ್ನು ಬಿಡದೆ ಕರೆದ ಕೈ. ನನಗೆ ಎರಡೂ ಒಂದೇ ಥರ ಕಂಡವು. ಎರಡರಲ್ಲೂ ಒಂದೇ ಜಾಗದಲ್ಲಿ ಗಂಟು, ಒಂದೇ ಥರ ಒಡೆದ ಉಗುರು.

"ಅದಲು ಬದಲು ಮಾಡ್ಕಳನಾ?" ಅಂದ ಅವನು. "ಮುಂದಿನ್ ಯುಗಾದಿಗೆ ನೀನ್ ನಮ್ಮೂರಿಗ್ ಬಾ, ನಾನ್ ನಿಮ್ಮೂರಿಗ್ ಬತ್ತೀನಿ."

"ಬಂದ್ರೆ ದಾರೀಲಿ ಇಬ್ರುಗೂ ಮಳೆ ಸಿಕ್ಕಿ ನೆನೀತೀವಿ ಅಷ್ಟೇಯ."

ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು. ಅವನ ತಾಯಿ ನಮಗೆ ಆಲೂಗೆಡ್ಡೆ ಹುರಿದು ಕೊಟ್ಟಳು. ಅಂಗಡಿಯಿಂದ ತಂದ ಆಲೂಗೆಡ್ಡೆ.

ಹಿಂದಿರುಗುವಾಗ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಾವನ ಬಾಲ್ಯದ ಗೆಳೆಯ ಸಿಕ್ಕರು. ಸಿಕ್ಕರು ಎನ್ನುವುದು ಸುಳ್ಳು, ಮಾವ ಫೋನು ಮಾಡಿ ಕರೆಸಿದ್ದ. ಇಬ್ಬರೂ ಒಂದೇ ಊರು, ಒಂದೇ ತರಗತಿ. ಅವರದು ಕೆಳಗಿನ ಬೀದಿ. ಓದಿ, ಸರ್ಕಾರಿ ಕೆಲಸಕ್ಕೆ ಸೇರಿ, ನಿವೃತ್ತರಾಗಿ ಹೊಳೆನರಸೀಪುರದಲ್ಲೇ ಇದ್ದರು. ಅವರ ಮನೆಯವರು ಬೌದ್ಧರಾಗಿ ಬಹಳ ಕಾಲವಾಗಿತ್ತು. ಮಾವ ಮಸಾಲೆದೋಸೆ ತಿನ್ನುತ್ತಾ ಮೂರು ಊರಿನ ಸಾಕ್ಷಿಗಳ ಕಥೆ ಹೇಳಿದ. ಅವರು ಸಾವಧಾನವಾಗಿ ಕೇಳಿ, ಚಟ್ನಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ನಮ್ ಬೀದಿಯೋರು ಎತ್ತು ಕಾದವ್ರೆ, ನಾಟಿ ಮಾಡವ್ರೆ, ಕಳೆ ಕಿತ್ತವ್ರೆ. ಮೇಣಿ ಹಿಡಿ ಬಾ ಅಂತ ಮಾತ್ರ ಒಂದ್ ಯುಗಾದಿಗೂ ಕರೀಲಿಲ್ಲ ನೀವು. ಚಿಕ್ಕವನಾಗಿದ್ದಾಗ ನಂಗೆ ಅದು ಉರೀತಿತ್ತು ಕಣೋ. ಈಗ ನೋಡಿದ್ರೆ ಒಳ್ಳೇದೇ ಆಯ್ತು. ಮಳೆ ಕೆಡಿಸ್ದೋರ್ ಪಟ್ಟೀಲಿ ನಮ್ಮೋರ್ದು ಒಂದ್ ಹೆಸ್ರೂ ಇಲ್ಲ!"

ಮಾವ ನಗಲು ಹೋಗಿ ದೋಸೆ ಗಂಟಲಿಗೆ ಸಿಕ್ಕಿಸಿಕೊಂಡ. ಗೆಳೆಯರೇ ನೀರು ಕೊಟ್ಟರು.

"ಅಂಗಾರೆ ಯಾರ್ದು ತಪ್ಪು ಅಂತೀಯ?" ಕೆಮ್ಮು ನಿಂತ ಮೇಲೆ ಕೇಳಿದ.

"ಕಾರಣ ಇಲ್ದೆ ಏನೂ ಆಗಲ್ಲ. ಒಂದೇ ಕಾರಣದಿಂದ್ಲೂ ಏನೂ ಆಗಲ್ಲ. ಆ ಟ್ರ್ಯಾಕ್ಟ್ರು ಹೊಗೆ ಬಿಡುತ್ತೆ, ನಿನ್ ಸೊಸೆ ಸ್ಕೂಟ್ರೂ ಬಿಡುತ್ತೆ, ಊರೂರಲ್ಲಿ ಕೆರೆ ಮುಚ್ಚವ್ರೆ, ಮರ ಕಡ್ದವ್ರೆ. ಎಲ್ಲಾ ಸೇರಿ ಆಗಿರೋದು."

"ನನ್ ಕೈದೂ ಒಂದ್ ಪಾಲು ಐತಾ?"

ಅದನ್ನು ಮಾವ ಕೇಳಿದ ಬಗೆ ನನಗೆ ಆಗ ಅರ್ಥವಾಗಲಿಲ್ಲ. ಪಾಲಿಲ್ಲ ಎನ್ನಲಿ ಎಂದು ಕೇಳುತ್ತಿದ್ದಾನೆ ಎಂದುಕೊಂಡು ನಾನೇ ಮುಂದೆ ಬಿದ್ದು ಉತ್ತರ ಕೊಟ್ಟೆ.

"ಇಲ್ಲ ಮಾವ. ಒಂದು ಚೂರೂ ಇಲ್ಲ. ಎತ್ತಿಂದ ಮಾಡಿದವನಿಗೂ ಕೆಟ್ಟಿದೆ, ಟ್ರ್ಯಾಕ್ಟರಿಂದ ಮಾಡಿದವನಿಗೂ ಕೆಟ್ಟಿದೆ, ಒಂದು ಸಲ ಮಾಡಿದವನಿಗೂ ಮೂರು ಸಲ ಮಾಡಿದವನಿಗೂ ಕೆಟ್ಟಿದೆ. ಕೈಗೂ ಮಳೆಗೂ ಸಂಬಂಧವೇ ಇಲ್ಲ. ಕೇಸು ಖುಲಾಸೆ!"

ಗೆಳೆಯರು ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು. ಮೆಚ್ಚಿಕೊಂಡರು ಎಂದು ಆಗ ಅನ್ನಿಸಿತ್ತು. ಈಗ ಆ ತಲೆ ಬೇರೆ ದಿಕ್ಕಿಗೆ ಆಡಿತ್ತೇನೋ ಅನ್ನಿಸುತ್ತದೆ.

ಊರಿನ ತಿರುವಿನಲ್ಲಿ ಮಾವ ಸ್ಕೂಟರು ನಿಲ್ಲಿಸಲು ಹೇಳಿದ. ಇಳಿದು, ರಸ್ತೆಯ ಪಕ್ಕದ ಹೊಲದ ಕಡೆ ಮುಖ ಮಾಡಿ ನಿಂತು ಕೇಳಿದ.

"ಅಂಗಾರೆ ಅಮ್ಮಿ, ಅಷ್ಟ್ ವರ್ಷ ಚೆನ್ನಾಗ್ ಮಳೆ ಬಂತಲ್ಲ. ಅದೂ ನಂದಲ್ವಾ?"

ಕೆಟ್ಟ ಎರಡು ವರ್ಷಗಳನ್ನು ಅವನ ಕೈಯಿಂದ ಬಿಡಿಸಲು ಹೋಗಿ, ಒಳ್ಳೆಯ ಹತ್ತೋ ಹನ್ನೊಂದೋ ವರ್ಷಗಳನ್ನೂ ಕಿತ್ತುಕೊಂಡಿದ್ದೆ. ನಡೆದುಕೊಂಡೇ ಬರುತ್ತೇನೆ ಎಂದು ಹೇಳಿ ಅವನು ಬದುವಿನ ಮೇಲೆ ಹೊರಟುಹೋದ.

ಅದಾದ ಮೇಲೆ ಅಂಗೈ ನೋಡಿಕೊಳ್ಳುವುದನ್ನು ನಿಲ್ಲಿಸಿದ. ನೋಡಲು ಅಲ್ಲೇನೂ ಉಳಿದಿರಲಿಲ್ಲ. ಡೈರಿಗೆ ಹಾಲು ಕೊಡಲು ಅತ್ತೆಯೇ ಹೋಗತೊಡಗಿದಳು. ಒಂದು ದಿನ ನನಗೆ ಫೋನು ಮಾಡಿ ಬೈದಳು.

"ಏನ್ ಏಳ್ಕೊಟ್ಟೆ ತಾಯಿ ನನ್ ಗಂಡಂಗೆ? ತಪ್ಪು ಮಾಡಿವ್ನಿ ಅಂತಿದ್ದಾಗ ಎರಡ್ ಮುದ್ದೆ ಉಣ್ಣೋರು. ತಪ್ಪಿಲ್ಲ ಅಂದ್ಮ್ಯಾಲೆ ಒಂದ್ ಮುದ್ದೆಗೂ ಗತಿ ಇಲ್ಲ. ಬಂದು ತಪ್ಪೈತೆ ಅಂತ ಏಳೋಗು!"

ಹೋದೆ. ಗೆಳೆಯರು ಹೇಳಿದ್ದನ್ನು ಹಿಡಿದುಕೊಂಡು, ಎಲ್ಲ ಸೇರಿ ಆಗಿರುವುದಾದರೆ ನಿನ್ನ ಕೈಗೂ ಎಲ್ಲೋ ಒಂದು ಎಳೆ ಇದ್ದೇ ಇರುತ್ತದೆ ಮಾವ ಎಂದೆ. ಅವನು ಕೊಟ್ಟಿಗೆ ಗುಡಿಸುತ್ತಿದ್ದ. ತಲೆ ಎತ್ತಲಿಲ್ಲ.

"ಅವತ್ತು ಇಲ್ಲ ಅಂದೆ, ಇವತ್ತು ಐತೆ ಅಂತೀಯ. ಪಾಠ ಮಾಡ್ಬ್ಯಾಡ ಓಗು."

ಯುಗಾದಿ ಬಂತು. ಪಂಚಾಂಗ ಓದುವುದು ದೇವಸ್ಥಾನದ ಮುಂದಿನ ಕಟ್ಟೆಯ ಮೇಲೆ. ನಾನೂ ಹೋಗಿದ್ದೆ. ಮಾವ ಬರುವುದಿಲ್ಲ ಎಂದು ಅತ್ತೆ ಹೇಳಿದ್ದಳು. ಬಂದ, ಹಿಂದೆ ಕಂಬಕ್ಕೆ ಒರಗಿ ಕೂತ. ಅರ್ಚಕರು ಈ ವರ್ಷದ ಮಳೆಯಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಬೆಟ್ಟಕ್ಕೆ ಇಷ್ಟು ಪಾಲು, ಭೂಮಿಗೆ ಇಷ್ಟು ಪಾಲು ಎಂದು ಓದಿದರು. ಪ್ರತಿ ವರ್ಷವೂ ಓದುವುದೇ. ಹಿಂದಿನಿಂದ ಮಾವನ ದನಿ ಬಂತು.

"ಸಮುದ್ರದ ಪಾಲು ಬಿಸಿ ಎಷ್ಟಿರ್ತದೆ ಅಂತ ಬರ್ದೈತಾ ಸ್ವಾಮಿ?"

ಅರ್ಚಕರು ಕನ್ನಡಕ ಎತ್ತಿ ನೋಡಿ, ಅದು ಇನ್ನೂ ಪಂಚಾಂಗಕ್ಕೆ ಬಂದಿಲ್ಲ ಎಂದು ಗಂಭೀರವಾಗಿಯೇ ಉತ್ತರ ಕೊಟ್ಟರು. ಆಮೇಲೆ ಹೊನ್ನಾರಿನ ಮಾತು. ಎರಡು ವರ್ಷದ ಅನುಭವದಿಂದ ಅವರು ಈ ಸಲ ಮಾವನ ಮೂರು ಹೆಸರುಗಳ ಸುದ್ದಿಗೆ ಹೋಗಲಿಲ್ಲ. ನಕ್ಷತ್ರ ನೋಡಿ, ದೊಡ್ಡಪ್ಪನ ಮಗನ ಹೆಸರು ಕೂಗಿದರು.

ಆತ ಕೂತಲ್ಲೇ ಅರ್ಧ ಅಡಿ ಹಿಂದಕ್ಕೆ ಸರಿದ.

"ನಂಗ್ ಮಂಡಿ ನೋವು ಕಣ್ ಸ್ವಾಮಿ."

"ಒಂದು ಸಾಲು ಅಷ್ಟೇ," ಅಂದರು ಅರ್ಚಕರು.

"ಅದೂ ಅಲ್ದೆ ಆ ಹೆಸ್ರು ನಂದಲ್ಲ. ನಮ್ಮವ್ವ ಕರೀತಿದ್ದುದ್ದೇ ಬ್ಯಾರೆ."

ಅದಾದ ಮೇಲೆ ಆ ಊರಿನಲ್ಲಿ ಯಾರ ಹೆಸರೂ ಅವರದಾಗಿರಲಿಲ್ಲ. ಒಬ್ಬನಿಗೆ ಹುಟ್ಟಿದ ಹೊತ್ತು ಸರಿಯಾಗಿ ಗೊತ್ತಿಲ್ಲ, ಇನ್ನೊಬ್ಬನಿಗೆ ಮಗಳ ಮನೆಯಲ್ಲಿ ಸೂತಕ, ಮತ್ತೊಬ್ಬ ಜಮೀನನ್ನೆಲ್ಲ ಮಕ್ಕಳಿಗೆ ಬರೆದುಕೊಟ್ಟು ತಾನೀಗ ರೈತನೇ ಅಲ್ಲ ಎಂದ. ಮಳೆ ತರುವ ಕೈ ಎಲ್ಲರಿಗೂ ಬೇಕಾಗಿತ್ತು. ಮಳೆ ಕೆಡಿಸುವ ಕೈ ಯಾರಿಗೂ ಬೇಡ. ಇನ್ನೂ ಹೂಡದ ನೇಗಿಲು ಕಟ್ಟೆಯ ಕೆಳಗೆ ಬಿದ್ದಿತ್ತು. ಅದಕ್ಕೆ ಕಟ್ಟಿದ ಹೂವಿನ ಸುತ್ತ ಜೇನುನೊಣ ಒಂದು ಹಾರಾಡುತ್ತಿತ್ತು.

ಮಾವ ಎದ್ದು ಬಂದ.

"ನಾನೇ ಹಿಡೀತೀನಿ ಬುಡಿ."

ದೊಡ್ಡಪ್ಪನ ಮಗನಿಗೆ ಈಗ ಧೈರ್ಯ ಬಂತು. "ನಿನ್ ಕೈಲಿ ಏನೂ ಆಗಲ್ಲ ಅಂತ ನೀನೇ ಅರಕಲಗೂಡುಗಂಟ ಓಗಿ ಸಾಬೀತ್ ಮಾಡ್ಕಬಂದಿದ್ದೀಯಲ್ಲೋ. ಇನ್ಯಾಕ್ ಹಿಡೀತೀಯ?"

"ಬೈಯಕ್ಕೆ ಒಬ್ಬ ಬೇಕಲ್ಲ," ಅಂದ ಮಾವ. "ಮಳೆ ಕೈಕೊಟ್ರೆ ಯಾರ ಮಕುಕ್ಕೆ ಉಗೀತೀರಾ? ಸಮುದ್ರನ ಬೈಯಕ್ಕೆ ಯಾವ್ ಬಸ್ಸಲ್ಲಿ ಓಗ್ತೀರಾ? ಡೀಸೆಲ್ ಹೊಗೆ ಕಾಲರ್ ಹಿಡ್ಕಳಕ್ಕಾಗ್ತದಾ? ನಾನಾದ್ರೆ ದಿನಾ ಬೆಳಗ್ಗೆ ಆರ್ ಗಂಟೆಗೆ ಡೈರಿ ತಾವ್ಲೇ ಸಿಗ್ತೀನಿ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

"ಮಳೆ ಚೆನ್ನಾಗ್ ಬಂದ್ರೆ?" ಎಂದು ಒಬ್ಬ ಕೇಳಿದ.

"ಬಂದ್ರೆ ನಂದಲ್ಲ. ಎಲ್ಲಾರೂ ಹಂಚ್ಕಳಿ." ನೇಗಿಲಿನ ಕಡೆ ಒಂದು ಹೆಜ್ಜೆ ಇಟ್ಟು ಸೇರಿಸಿದ. "ಇನ್ನೊಂದ್ ಮಾತು. ಬರೋ ವರ್ಷಕ್ಕೆ ಕೆಳಗಿನ್ ಬೀದಿಯೋರ್ನೂ ಕೇಳಿ. ಮಳೆ ಬಂದಾಗ್ಲೆಲ್ಲ ನಾವೇ ಮೇಣಿ ಹಿಡ್ಕಂಡು ಮೆರೆದ್ವಿ. ಬರೀ ಬೈಸ್ಕಳ ಕಾಲಕ್ಕೇ ಕರೀಬ್ಯಾಡಿ, ಎರಡಕ್ಕೂ ಕರೀರಿ."

ಈ ಮಾತಿಗೆ ಯಾರೂ ನಗಲಿಲ್ಲ. ಅರ್ಚಕರು ಪಂಚಾಂಗದ ಎರಡು ಹಾಳೆ ಸುಮ್ಮನೆ ಮಗುಚಿದರು. ಹಿರಿಯರೊಬ್ಬರು, ಅದನ್ನು ಆಮೇಲೆ ನೋಡೋಣ, ಹೊತ್ತಾಯಿತು ಎಂದರು. ಮಾವ ಬಗ್ಗಿ ನೇಗಿಲು ಎತ್ತಿಕೊಂಡ.

ಎತ್ತು ಪಕ್ಕದ ಊರಿನಿಂದ ತಂದ ಜೋಡಿ. ಒಂದು ಬಿಳಿ, ಒಂದು ಕಂದು. ಎರಡಕ್ಕೂ ಪರಸ್ಪರ ಪರಿಚಯವಿದ್ದ ಹಾಗೆ ಕಾಣಲಿಲ್ಲ. ಬಿಳಿಯದು ಬದುವಿನ ಹುಲ್ಲಿನ ಕಡೆಗೆ, ಕಂದು ಅದರ ಊರಿನ ಕಡೆಗೆ ಎಳೆಯುತ್ತಿದ್ದವು. ಮಾವ ಚಪ್ಪಲಿ ಬಿಟ್ಟು, ಭೂಮಿ ಮುಟ್ಟಿ ಕಣ್ಣಿಗೊತ್ತಿಕೊಂಡು ಮೇಣಿ ಹಿಡಿದ. ನಾನು ಫೋಟೋ ತೆಗೆದೆ. ಆ ಫೋಟೋ ಈಗಲೂ ಇದೆ. ಅದರಲ್ಲಿ ಅವನ ಬೆನ್ನು ಮಾತ್ರ ಕಾಣುತ್ತದೆ. ಹಾಗಾಗಿ ಅವನು ನಗುತ್ತಿದ್ದ ಎಂದು ನಾನು ಬರೆಯಲಾರೆ. ಆ ದಿನ ಸಂಜೆಯೇ ನಾಲ್ಕು ಹನಿ ಬಿತ್ತು ಎಂದು ತಂಗಿ ಹೇಳುವುದನ್ನೂ ಬರೆಯಲಾರೆ. ಅವಳು ಆ ದಿನ ಊರಿನಲ್ಲೇ ಇರಲಿಲ್ಲ.

ಸಾಲು ಹತ್ತು ಮಾರು ಹೋಗುವುದರೊಳಗೆ ಬಳುಕಿತು. ಒಣ ನೆಲದಲ್ಲಿ ನೇಗಿಲಿನ ಕುಳ ಹಾರಿ ಹಾರಿ ಬೀಳುತ್ತಿತ್ತು. ಬದುವಿನ ಮೇಲೆ ನಿಂತಿದ್ದ ದೊಡ್ಡಪ್ಪನ ಮಗ ಮಂಡಿ ನೋವು ಮರೆತು ಹೊಲದೊಳಕ್ಕೆ ನಾಲ್ಕು ಹೆಜ್ಜೆ ಓಡಿ ಬಂದು ಕೂಗಿದ.

"ಲೇ, ನೆಟ್ಟಗ್ ಓಡಿಸ್ಲಾ! ಸಾಲು ಸೊಟ್ಟಗಾದ್ರೆ ಮಳೇನೂ ಸೊಟ್ಟಗ್ ಬತ್ತದೆ!"

ಮಾವ ತಿರುಗಿ ನೋಡಲಿಲ್ಲ. ಎತ್ತಿಗೆ ಹೇಳಿದನೋ ಅವನಿಗೆ ಹೇಳಿದನೋ, ನನಗೆ ಕೇಳಿಸಿ ನೆನಪಿರುವುದು ಇಷ್ಟು:

"ಬರ್ಲಿ ಬುಡ್ಲಾ. ಸೊಟ್ಟಗಾದ್ರೂ ಬರ್ಲಿ."